ಮಲಗಿದವಳ ಹೆಬ್ಬೆರಳನ್ನು ನೋಡದ ಸಮಿತಿಗೆ

ಚಲನಚಿತ್ರ ಪ್ರಶಸ್ತಿ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಿದ್ದೆ ಮಾಡಿದಳೆಂಬ ಕಾರಣಕ್ಕೆ ತಾವು ಈ ವರ್ಷದ ಅತ್ಯುತ್ತಮ ನಟಿಯನ್ನು ಫೇಲು ಮಾಡಿದ್ದೀರಿ. ವಾಸಿಯಾಗದ ಕಾಯಿಲೆಯ ಜೊತೆ ಬದುಕುವ ಹೆಂಗಸೊಬ್ಬಳ ಚಿತ್ರ ಅದು. ತಮ್ಮ ಪ್ರಕಟಣೆ ಹೇಳುತ್ತದೆ: ‘ಮುಖ್ಯ ದೃಶ್ಯದಲ್ಲಿ ಪಾತ್ರಧಾರಿ ನಿದ್ರಿಸುತ್ತಿರುವುದರಿಂದ ಅಭಿನಯಕ್ಕೆ ಅವಕಾಶವೇ ಇಲ್ಲ.’ ಬದಲಿಗೆ, ಕೊನೆಯುಸಿರಿನಲ್ಲೂ ಒಂದು ಕೆಮ್ಮಿಲ್ಲದೆ ಉದ್ದುದ್ದ ಭಾಷಣ ಬಿಗಿದ ಇನ್ನೊಬ್ಬ ನಟಿಗೆ ಪ್ರಶಸ್ತಿ ಘೋಷಿಸಿದ್ದೀರಿ. ಆಕೆಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಈಕೆ ನಿದ್ರಿಸುತ್ತಿರಲಿಲ್ಲ ಸ್ವಾಮೀ, ನಿದ್ರಿಸುವವಳ ಹಾಗೆ ನಟಿಸುತ್ತಿದ್ದಳು. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀಯೆ ಎಂದರೆ, ಆ ವಿದ್ಯೆ ನಮ್ಮ ಮನೆಯದು.

ನನ್ನ ಅಕ್ಕ ಶಾಲೆಯೊಂದರಲ್ಲಿ ಆಟದ ಮೇಷ್ಟ್ರಾಗಿದ್ದವಳು. ಇನ್ನು ಮದ್ದಿಲ್ಲ ಎಂದು ವೈದ್ಯರು ಕೈಚೆಲ್ಲಿದ ಮೇಲೆ ನನ್ನ ಮನೆಯ ಮುಂದಿನ ಕೋಣೆಗೆ ಬಂದಳು, ಸೀಟಿಯನ್ನೂ ತಂದಳು. ನೀರು ಬೇಕಾದರೆ ಒಂದು ಸೀಟಿ, ನನ್ನ ಅಡುಗೆ ಕೆಟ್ಟಿದ್ದರೆ ಎರಡು. ಪಾತ್ರದ ತಯಾರಿಗೆಂದು, ತಾವು ಫೇಲು ಮಾಡಿದ ನಟಿಯನ್ನು ವೈದ್ಯರೇ ನಮ್ಮಲ್ಲಿಗೆ ಕಳಿಸಿದ್ದರು. ಪಾಪ, ಬಾಗಿಲಲ್ಲೇ ಮುಖ ಬಾಡಿಸಿಕೊಂಡು ನಿಂತಿದ್ದಳು. ಅಕ್ಕ ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು: “ಸಾಯೋದು ಹೇಗೆ ಅಂತ ಕಲಿಯೋಕೆ ಬಂದ್ಯಾ? ನಂಗೂ ಗೊತ್ತಿಲ್ಲಮ್ಮ, ನಂದೂ ಇದೇ ಮೊದಲ ಸಲ. ಬದುಕೋದು ಬೇಕಾದ್ರೆ ಹೇಳಿಕೊಡ್ತೀನಿ, ಕೂತ್ಕೋ.” ಅಂದಿನಿಂದ ಆಕೆ ದಿನಾ ಬಂದು ಕೂರತೊಡಗಿದಳು.

ಕಲಿತದ್ದೇನು ಅಂತೀರಾ? ನಮಗೊಬ್ಬಳು ಚಿಕ್ಕಮ್ಮ ಇದ್ದಾಳೆ, ಇದೇ ಕಾಯಿಲೆಯಲ್ಲಿ ಹೋದವರ ಹೆಸರೆಲ್ಲ ಅವಳಿಗೆ ಬಾಯಿಪಾಠ. ಅವಳ ಚಪ್ಪಲಿ ಸದ್ದು ಮೆಟ್ಟಿಲ ಮೇಲೆ ಕೇಳಿದ್ದೇ ತಡ, ಅಕ್ಕ ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆಗೆ ಜಾರಿಬಿಡುತ್ತಾಳೆ. ನಟಿ ಕೂತಿದ್ದ ಒಂದು ದಿನವೂ ಹಾಗೇ ಆಯಿತು. ಚಿಕ್ಕಮ್ಮ ಲೊಚಗುಟ್ಟಿದಳು. “ಹೇಗಿದ್ದವಳು ಹೇಗಾಗಿಬಿಟ್ಟಳು ನೋಡು. ಮಲಗಿರಲಿ ಬಿಡು, ಎಬ್ಬಿಸಬೇಡ. ಅಲ್ಲಾ, ಅವಳ ಆ ಹೊಲಿಗೆ ಯಂತ್ರ ಯಾರಿಗೆ ಅಂತ ಏನಾದ್ರೂ ಹೇಳಿದ್ದಾಳಾ?” ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಅಕ್ಕನ ಮುಖ ಕಲ್ಲು. ಆದರೆ ಹೊದಿಕೆಯ ಆಚೆ ತುದಿಯಲ್ಲಿ ಅವಳ ಕಾಲಿನ ಹೆಬ್ಬೆರಳು ಕುಣಿಯುತ್ತಿತ್ತು. ನಗು ತಡೆದರೆ ಅವಳಿಗೆ ಅದು ಅಲ್ಲಿ ಹೊರಡುತ್ತದೆ, ಚಿಕ್ಕಂದಿನಿಂದಲೂ ಹಾಗೆ. ನಟಿ ಅದನ್ನೇ ನೋಡುತ್ತಾ ಕೂತಿದ್ದಳು. ಚಿಕ್ಕಮ್ಮ ಮೆಟ್ಟಿಲಿಳಿದ ಮೇಲೆ ಅಕ್ಕ ಒಂದು ಕಣ್ಣು ತೆರೆದು, “ಹೋದ್ಲಾ?” ಅಂದಳು. ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಈಗ ತಮ್ಮ ‘ನಿದ್ರೆ’ಯ ದೃಶ್ಯಕ್ಕೆ ಬರೋಣ. ತೆರೆಯ ಮೇಲೂ ನೆಂಟರ ಹೆಂಗಸೊಬ್ಬಳು ಬರುತ್ತಾಳೆ, ಒಡವೆ ಯಾರಿಗೆ ಎಂದು ಕೇಳುತ್ತಾಳೆ. ಹೊದಿಕೆಯ ತುದಿಯಲ್ಲಿ ಹೆಬ್ಬೆರಳು ಕುಣಿಯುತ್ತದೆ. ಆಮೇಲೆ ಆ ಹೆಂಗಸು, ಯಾರೂ ನೋಡುತ್ತಿಲ್ಲವೆಂದುಕೊಂಡು, ಮಲಗಿದವಳ ಕೂದಲು ನೇವರಿಸಿ ನಿಜವಾಗಿ ಅಳುತ್ತಾಳೆ. ಕುಣಿಯುತ್ತಿದ್ದ ಬೆರಳು ನಿಧಾನವಾಗಿ ನಿಲ್ಲುತ್ತದೆ. ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಥಿಯೇಟರಿನಲ್ಲಿ ನಾನು ಕರವಸ್ತ್ರ ಹುಡುಕಿದ್ದು ಅಲ್ಲಿ. ತಾವು ಆಗ ಏನು ನೋಡುತ್ತಿದ್ದಿರಿ, ಮಾನ್ಯರೇ? ಕಾಯಿಲೆಯವಳು ಭಾಷಣ ಬಿಗಿಯಲಿಲ್ಲ, ಕಿರುಚಲಿಲ್ಲ ಎಂದು ಬೇಸರವಾಯಿತೇ? ಸಮಿತಿಯಲ್ಲಿ ಅಷ್ಟು ಜನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು, ಒಬ್ಬರ ದೃಷ್ಟಿಯೂ ಕಾಲಿನವರೆಗೆ ಇಳಿಯಲಿಲ್ಲವೇ? ನಾನು ಕನ್ನಡಕದ ಅಂಗಡಿ ಇಟ್ಟವನು. ಇಡೀ ಸಮಿತಿ ಬರಲಿ, ಪುಕ್ಕಟೆ ಪರೀಕ್ಷೆ ಮಾಡುತ್ತೇನೆ.

ಪ್ರಕಟಣೆ ಓದಿ ಹೇಳಿದಾಗ ಅಕ್ಕ ನಗಲಿಲ್ಲ. “ಅವಳು ಮಾಡಿದ್ದು ನನ್ನ ಆಟ ಕಣೋ. ಅದು ಆಟ ಅಂತಾನೇ ಇವರಿಗೆ ಗೊತ್ತಾಗಿಲ್ಲ ಅಂದ್ರೆ, ನಾನು ಆಗ್ಲೇ ಹೋಗಿಬಿಟ್ಟೆ ಅಂತ ತಾನೇ ಲೆಕ್ಕ?” ಅಂದಳು. ಅದಕ್ಕೇ ಈ ಪತ್ರ.

ಪ್ರಶಸ್ತಿ ಪ್ರದಾನ ಇನ್ನೂ ಆಗಿಲ್ಲ. ತೀರ್ಪನ್ನು ಮರಳಿ ನೋಡುವ ಅಧಿಕಾರ ಅಧ್ಯಕ್ಷರಿಗಿದೆ ಎಂದು ತಮ್ಮ ನಿಯಮಾವಳಿಯೇ ಹೇಳುತ್ತದೆ. ಆ ದೃಶ್ಯವನ್ನು ಇನ್ನೊಮ್ಮೆ ನೋಡಿ, ಈ ಸಲ ಕಾಲಿನ ಕಡೆಯಿಂದ. ಸಂಶಯ ಉಳಿದರೆ ನಮ್ಮ ಮನೆಗೆ ಬನ್ನಿ, ಮೂಲಪ್ರತಿ ಇಲ್ಲೇ ಇದೆ. ಬೇಗ ಬನ್ನಿ. ಈಗೀಗ ಅಕ್ಕ ನಿಜವಾಗಿಯೂ ಹೆಚ್ಚು ಮಲಗುತ್ತಾಳೆ. ಅಂಗಡಿ ಮುಚ್ಚಿ ಬಂದವನು ನಾನು ಮೊದಲು ನೋಡುವುದು ಹೊದಿಕೆಯ ತುದಿಯನ್ನು. ಕೆಲವು ದಿನ ಬಹಳ ಹೊತ್ತು ನೋಡುತ್ತಾ ನಿಲ್ಲಬೇಕಾಗುತ್ತದೆ, ನನಗೆ ಭಯವಾಗುತ್ತದೆ.

ಈ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿದ್ದಳು, ನಿದ್ದೆ ಹತ್ತಿತೆಂದುಕೊಂಡೆ. ಪುಕ್ಕಟೆ ಪರೀಕ್ಷೆಯ ಮಾತು ಬಂದಾಗ ಹೊದಿಕೆ ಅಲುಗಿತು. ಕಣ್ಣು ತೆರೆಯದೆಯೇ ಅಂದಳು: “ಚಪ್ಪಲಿ ಸದ್ದು ಮಾಡ್ಕೊಂಡು ಬರೋಕೆ ಹೇಳು ಅವರಿಗೆ. ನಾನು ಮಲಗೋಕೆ ಸ್ವಲ್ಪ ಟೈಮ್ ಬೇಕಲ್ಲ.”

ಇಂತಿ, ತಮ್ಮ ಚಪ್ಪಲಿ ಸದ್ದಿಗೆ ಕಿವಿಗೊಟ್ಟು ಕೂತಿರುವ,
ಕನ್ನಡಕದ ಅಂಗಡಿಯವ, ಅಕ್ಕನ ಸೀಟಿಗೆ ಓಗೊಡುವ ತಮ್ಮ