ಅಪ್ಪನ ಕೈಗೆ ಮೋತಿಯ ಹಗ್ಗ

೧೨ ಫೆಬ್ರವರಿ ೧೯೫೮, ಬುಧವಾರ. ಬಂಗಾರಪೇಟೆ.

ಮೋತಿ ಇವತ್ತೂ ನನ್ನ ಚಪ್ಪಲಿ ಕಚ್ಚಿಹಾಕಿದೆ. ಆದರೂ ಬೈಯಲು ಮನಸ್ಸಾಗಲಿಲ್ಲ.

ಅಪ್ಪನಿಗೆ ಕಣ್ಣು ಹೋಗಿ ಮೂರು ವರ್ಷ. ಅವರಿಗೆ ದಾರಿ ತೋರಿಸಲೆಂದು ಈ ನಾಯಿಮರಿಯನ್ನು ಐದು ತಿಂಗಳಿಂದ ಪಳಗಿಸುತ್ತಿದ್ದೇನೆ. ಮೇಕೆ ಕಂಡರೆ ಓಟ, ಬೋಂಡದ ವಾಸನೆ ಬಂದರೆ ಅಲ್ಲೇ ಠಿಕಾಣಿ. ನಾನೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅದರ ಹಿಂದೆ ನಡೆದು ಎರಡು ಸಲ ಮೋರಿಗೆ ಬಿದ್ದೆ. ಬೀದಿಯವರೆಲ್ಲ ನಕ್ಕರು.

ಸಂಜೆ ಸ್ಟೇಷನ್ ರಸ್ತೆಯಲ್ಲಿ ಅಪ್ಪ ಹಗ್ಗ ಹಿಡಿದು ಮುಂದೆ, ನಾನು ಹಿಂದೆ. ಎದುರಿಗೆ ನೀರಿನ ಪೈಪಿಗೆಂದು ತೋಡಿದ ಗುಂಡಿ. ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಮೋತಿ ಅಪ್ಪನ ಕಾಲಿಗೆ ಅಡ್ಡ ನಿಂತಿತು.

"ನಡೀಲಾ, ಯಾಕ್ಲಾ ನಿಂತ್ಕಂಡೆ?" ಎಂದು ಅಪ್ಪ ಗದರಿದರು. ಅದು ಕದಲಲಿಲ್ಲ. ಅಪ್ಪ ಕೋಲು ಚಾಚಿದರು. ನೆಲ ಸಿಗಲಿಲ್ಲ.

ಅಲ್ಲೇ ಕುಕ್ಕರಗಾಲಲ್ಲಿ ಕೂತು ಅದರ ಮುಖವನ್ನೆಲ್ಲ ಸವರಿದರು. "ನಮ್ಮಪ್ಪನೇ, ಬದುಕಿಸಿದೆ ಕಣ್ಲಾ!" ಎಂದು ಜೋರಾಗಿ ನಕ್ಕರು. ಆ ನಗು ಕೇಳಿ ಎಷ್ಟು ದಿನವಾಗಿತ್ತು! ಆಮೇಲೆ ಎದ್ದು, "ಓಬಳಮ್ಮ, ನೀನ್ ಮನೆಗೋಗಮ್ಮ. ನಾವಿಬ್ರೂ ಬತ್ತೀವಿ" ಎಂದರು.

ನಾನು ಹೋಗಲಿಲ್ಲ. ಅವರಿಬ್ಬರೂ ಗುಂಡಿ ಬಳಸಿ ತಿರುವು ದಾಟುವವರೆಗೂ ನೋಡುತ್ತ ನಿಂತೆ. ಅಪ್ಪ ಇಷ್ಟು ಬಿರುಸಾಗಿ ನಡೆಯುತ್ತಾರೆಂಬುದನ್ನೇ ಮರೆತುಬಿಟ್ಟಿದ್ದೆ.