ಮೂರು ಬೆರಳಿನ ಸವೆತ

ಸೋಮವಾರ, 4. ಬೆಳಿಗ್ಗೆ 10

ತಂತಿ ಬಿಚ್ಚಿಟ್ಟೆ. ಬೆರಳೊತ್ತುವ ಮರದ ಪಟ್ಟಿ, ಅಂದರೆ ಫಿಂಗರ್‌ಬೋರ್ಡ್ ಒರೆಸಿದೆ. ಹೋಟೆಲ್ ಬ್ಯಾಂಡಿನ ಹೆಂಗಸು ಶನಿವಾರ ರಿಪೇರಿಗೆ ಬಿಟ್ಟುಹೋದ ಬೇಸ್ ಗಿಟಾರ್. ಅಡ್ಡ ಲೋಹದ ಪಟ್ಟಿ, ಫ್ರೆಟ್, ಇಲ್ಲದ್ದು — ತಂತಿ ನೇರ ಮರವನ್ನೇ ತಿನ್ನುತ್ತದೆ. ಕೊಂಡು ತಿಂಗಳೂ ಆಗಿಲ್ಲವಂತೆ. "ಬೇಸ್ ನುಡಿಸ್ದಾಗ ಯಾರಿಗೂ ಕೇಳ್ಸಲ್ಲ ಅಕ್ಕಾ, ತಂತಿ ಮರಕ್ಕೆ ತಾಗಿ ಜುಯ್ ಅಂದ್ರೆ ಮಾತ್ರ ಎಲ್ರೂ ತಿರುಗಿ ನೋಡ್ತಾರೆ" ಎಂದು ನಕ್ಕಿದ್ದಳು.

ಮಾಮೂಲಿ ಕೆಲಸ. ತಂತಿ ಕೊರೆದ ಗುಳಿಗಳಿಗೆ ಕರಿಮರದ ಪುಡಿ, ಅಂಟು. ಒಣಗಿದ ಮೇಲೆ ಉಜ್ಜಿ ಮಟ್ಟ ಮಾಡುವುದು. ಮೂರು ದಿನ ಸಾಕು.

ಸೋಮವಾರ, ಸಂಜೆ

ದೀಪ ಅಡ್ಡ ಹಿಡಿದು ನೋಡಿದೆ. ತೋರುಬೆರಳು ಒತ್ತುವಲ್ಲಿ ಗುಳಿ. ನಡುಬೆರಳಿನ ಜಾಗದಲ್ಲಿ ಗುಳಿ. ಕಿರುಬೆರಳಿನ ಜಾಗದಲ್ಲಿ ಓರೆಯಾಗಿ ಎಳೆದ ಗೀರು. ಉಂಗುರ ಬೆರಳಿನ ಜಾಗ ಮಾತ್ರ ನುಣುಪು. ಗಿಟಾರಿನ ಕತ್ತಿನ ಉದ್ದಕ್ಕೂ ಹೀಗೇ.

ಆ ಬೆರಳು ಬಿಟ್ಟು ನುಡಿಸುವವರು ಬೇಕಾದಷ್ಟು ಜನ. ಆದರೆ ಆ ಓರೆ ಗೀರು...

ಅಣ್ಣನ ಎಡಗೈ ಉಂಗುರ ಬೆರಳು ಹನ್ನೆರಡನೇ ವಯಸ್ಸಿಗೇ ಅಪ್ಪನ ಗರಗಸಕ್ಕೆ ಹೋಯಿತು. ಇದೇ ಮೇಜಿನ ಮೇಲೆ. ಪಕ್ಕದ ಕಿರುಬೆರಳು ಸೊಟ್ಟಗಾಯಿತು. ಆಮೇಲೂ ಅವನು ಬೇಸ್ ನುಡಿಸುತ್ತಿದ್ದ, ಹೀಗೇ ಗೀರು ಬೀಳುತ್ತಿತ್ತು.

ಅಣ್ಣನನ್ನು ಸುಟ್ಟು ಒಂಬತ್ತು ವರ್ಷ. ಅವನಿದ್ದಾಗಿನ ಹಳೆಯ ಸವೆತವೇ ಇರಬೇಕು.

ಮಂಗಳವಾರ

ಅಮ್ಮ ಚಹಾ ತಂದಳು. ಈಗೀಗ ಅವಳ ಕಣ್ಣು ಮಂಜು, ಗೋಡೆ ಹಿಡಿದೇ ಬರುವುದು. ಲೋಟ ಇಡಲು ತಡಕುತ್ತ ಕೈ ಬೋರ್ಡಿನ ಮೇಲೆ ಬಿತ್ತು. ನಿಂತಿತು. ಬೆರಳುಗಳು ಒಂದೊಂದಾಗಿ ಗುಳಿಗಿಳಿದವು.

"ದೊಡ್ಡೋನು ಬಂದಿದ್ನಾ?"

"ಯಾರೋ ಗಿರಾಕಿದಮ್ಮ" ಎಂದೆ. ಅಮ್ಮ ಕೈ ತೆಗೆಯಲಿಲ್ಲ. ಚಹಾ ಆರಿಹೋಯಿತು.

ಬುಧವಾರ

ಆ ಹೆಂಗಸಿಗೆ ಫೋನ್ ಮಾಡಿದೆ. ಹಡಗಿನ ಬ್ಯಾಂಡಿನವನೊಬ್ಬ ಮಾರಿದ್ದಂತೆ. ಬೋರ್ಡು ಅವನೇ ಹೊಸದಾಗಿ ಹಾಕಿಸಿದ್ದಂತೆ — ಮೂರು ವರ್ಷದ ಹಿಂದೆ.

ಮೂರು. ಒಂಬತ್ತಲ್ಲ.

"ಎಡಗೈಲಿ ಬೆರಳೆಷ್ಟು ಅವನಿಗೆ?"

"ನಿಮಗ್ಹೇಗೆ ಗೊತ್ತಕ್ಕಾ?"

"ಮನೆ ಎಲ್ಲಿ ಅಂದ?"

"ಕೇಳಿದ್ದಕ್ಕೆ ನಕ್ಬಿಟ್ಟ. ಮನೇವ್ರು ನನ್ನ ಸುಟ್ಟಾಯ್ತು, ಪೇಪರಲ್ಲಿ ಫೋಟೋನೂ ಹಾಕಿದ್ರು, ಇನ್ಯಾಕೆ ಅವ್ರಿಗೆ ತೊಂದ್ರೆ ಅಂದ. ತಮಾಷೆ ಅನ್ಕೊಂಡೆ."

"ಈಗೆಲ್ಲಿದ್ದಾನೆ?"

"ಹಡಗು ಹೋಯ್ತಲ್ಲಕ್ಕಾ."

ಭಾನುವಾರ, 10

ನಾಲ್ಕು ದಿನ ಅಂಗಡಿ ತೆಗೆಯಲಿಲ್ಲ. ಇವತ್ತು ಅಮ್ಮನ ಮುಂದೆ ಎಲ್ಲ ಹೇಳಿದೆ. ಒಂಬತ್ತು ವರ್ಷದ ಹಿಂದೆ ಹೊಳೆಯಿಂದ ತೆಗೆದ ಹೆಣ. ಗುರುತಿಸಲು ಮುಖವಿರಲಿಲ್ಲ. ಅಂಗಿ ಅಣ್ಣನದರಂತಿತ್ತು. ಪೊಲೀಸರು ಸರಿಯಾಗಿ ನೋಡಿ ಎಂದರು. ಬಟ್ಟೆ ಸರಿಸಿ ಕೈ ನೋಡಲು ಧೈರ್ಯ ಬರಲಿಲ್ಲ. ಅವನೇ ಎಂದುಬಿಟ್ಟೆ.

"ನಾನು ನೋಡಿದ್ದೆ" ಎಂದಳು ಅಮ್ಮ. "ಮನೆಗೆ ತಂದ್ಮೇಲೆ. ಎಡಗೈಲಿ ಐದೂ ಬೆರಳಿತ್ತು."

"ಮತ್ಯಾಕಮ್ಮ ಬಾಯಿ ಬಿಡ್ಲಿಲ್ಲ?"

"ಅವನು ಮನೆ ಬಿಟ್ಟು ಹೋಗಿ ಆಗ್ಲೇ ಎರಡು ವರ್ಷ ಆಗಿತ್ತು ಕಣೇ. ಕಾದು ಕಾದು ಸಾಕಾಗಿತ್ತು. ಒಂದ್ಸಲ ಅತ್ತು ಮುಗಿಸ್ಬೇಕಿತ್ತು ನಂಗೆ."

ಸೋಮವಾರ, 11. ಮಧ್ಯಾಹ್ನ

ಬೋರ್ಡು ಮುಟ್ಟಿಲ್ಲ. ಪೊಲೀಸ್ ಠಾಣೆಗೆ ಫೋನ್ ಮಾಡಿದೆ. ಆ ಹೆಣ ಸಿಕ್ಕ ವರ್ಷ, ಆ ತಿಂಗಳು ಬೇರೆ ಯಾರಾದರೂ ಕಾಣೆಯಾಗಿದ್ದರೇ ಎಂದೆ. ಪೇದೆ ಹಳೆಯ ರಿಜಿಸ್ಟರ್ ತಿರುವಿದ. ಒಬ್ಬನಿದ್ದಾನೆ. ಇನ್ನೂ ಸಿಕ್ಕಿಲ್ಲ. ಅವನ ತಾಯಿ ಈಗಲೂ ಬಂದು ಕೇಳಿಕೊಂಡು ಹೋಗುತ್ತಾರಂತೆ. ನಂಬರ್ ಕೊಟ್ಟ.

ಎರಡು ಸಲ ತಪ್ಪು ಒತ್ತಿದೆ. ಮೂರನೇ ಸಲ ರಿಂಗಾಯಿತು. ತಕ್ಷಣ ಎತ್ತಿದರು. ಮುದಿ ದನಿ —

"ಮಗಾ? ನೀನೇನಾ?"

ನಾನು ಅವರ ಮಗನನ್ನು ಅಣ್ಣನೆಂದು ಸುಟ್ಟವಳು.