ಪೂಜೆಯಲ್ಲಿ ಕಂಡ ಮಿಂಚು

ಅಜ್ಜಂಪುರ
೨೩-೧೧-೧೯೮೪, ಶುಕ್ರವಾರ

ಪ್ರೀತಿಯ ತಮ್ಮ ಓಂಕಾರನಿಗೆ,

ನಿನ್ನ ಅಕ್ಕ ಗುರುಶಾಂತಳ ಆಶೀರ್ವಾದ. ಆರೋಗ್ಯ ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಲ್ಯಾಬಿನಲ್ಲಿ ಟೀ ಕುಡಿದೇ ಹೊಟ್ಟೆ ತುಂಬಿಸಿಕೊಳ್ಳುತ್ತೀಯೋ? ನೀನು ಉತ್ತರ ಬರೆಯುವುದಿಲ್ಲ ಎಂದು ಗೊತ್ತು, ಆದರೂ ಕೇಳುತ್ತೇನೆ. ಕೇಳುವುದು ದೊಡ್ಡವಳ ಹಕ್ಕು. ನನ್ನ ಮಂಡಿನೋವು ನನ್ನನ್ನು ಬಿಟ್ಟಿಲ್ಲ. ಸ್ಕೂಲಿನಲ್ಲಿ ಏಳನೇ ಕ್ಲಾಸಿನ ಮಕ್ಕಳಿಗೆ ಈಗ ಬೆಳಕಿನ ಪಾಠ ಮಾಡುತ್ತಿದ್ದೇನೆ. ಕಣ್ಣಿನ ಚಿತ್ರವನ್ನು ಬೋರ್ಡಿನ ಮೇಲೆ ಬರೆದು, ಹಿಂದಿನ ಪರದೆಗೆ ಗೆರೆ ಎಳೆಯುವಾಗ ಸೀಮೆಸುಣ್ಣ ಮುರಿಯಿತು. ಮಕ್ಕಳು ನಕ್ಕರು. ನಾನು ಬೈದೆ.

ಹೋದ ವಾರ ಪೇಪರಿನಲ್ಲಿ ನಿಮ್ಮ ಬೆಂಗಳೂರಿನ ಕಡೆಯ ಸುದ್ದಿ ಓದಿದೆ. ಕೂದಲಿನಂಥ ಗಾಜಿನ ಎಳೆಯೊಳಗೆ ಲೇಸರ್ ಬೆಳಕು ಹರಿಸಿ, ಸಾವಿರಾರು ಟೆಲಿಫೋನ್ ಮಾತುಗಳನ್ನು ಒಟ್ಟಿಗೇ ಕಳಿಸಬಹುದಂತೆ. ಇಲ್ಲಿಂದ ತರೀಕೆರೆಗೆ ಒಂದು ಟ್ರಂಕ್ ಕಾಲ್ ಬುಕ್ ಮಾಡಿದರೆ ಸಂಜೆಯವರೆಗೆ ಪೋಸ್ಟಾಫೀಸಿನ ಬೆಂಚು ಕಾಯಬೇಕು. ಆದರೂ ಪಕ್ಕದ ಮನೆ ತೀರ್ಥಮ್ಮನಿಗೆ ಅದನ್ನು ಓದಿ ಹೇಳಿ, ನನ್ನ ತಮ್ಮ ಮಾಡುವುದೂ ಇಂಥದೇ ಕೆಲಸ ಎಂದು ಜಂಬ ಕೊಚ್ಚಿಕೊಂಡೆ. ಜಂಬ ಪಡುವುದಕ್ಕೆ ನನಗೆ ಬೇರೆ ಏನಿದೆ?

ಅಪ್ಪನ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಬರೆದರೆ ನಿನಗೆ ಆಗುವುದಿಲ್ಲ. ಅವರಿಗೆ ಇನ್ನು ಏನೂ ಕಾಣಿಸುವುದಿಲ್ಲ. ಎಡಗಣ್ಣು ನೀನು ಹುಟ್ಟುವ ಮೊದಲೇ ಹೋಗಿತ್ತು. ಬಲಗಣ್ಣಿನಲ್ಲಿ ಹೋದ ತಿಂಗಳವರೆಗೂ ಕಿಟಕಿಯ ಬೆಳಕಾದರೂ ಗೊತ್ತಾಗುತ್ತಿತ್ತು, ಈಗ ಅದೂ ಇಲ್ಲ. ತರೀಕೆರೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದಾಗ ಬೆರಳಿನಲ್ಲಿ ಮುಟ್ಟಿಯೇ ಯಾವ ಮಿಲ್ಲಿನ ಬಟ್ಟೆ ಎಂದು ಹೇಳುತ್ತಿದ್ದವರು, ಈಗ ಮುಟ್ಟಿ ನೋಡಿ ಪಂಚೆಯೋ ಟವೆಲ್ಲೋ ಎಂದು ನನ್ನನ್ನು ಕೇಳುತ್ತಾರೆ. ಬೇಕೆಂದೇ ಕೇಳುತ್ತಾರೆ ಅನ್ನಿಸುತ್ತದೆ, ಮಾತಿಗೆ ಜನ ಬೇಕಲ್ಲ.

ಮಾಘದಲ್ಲಿ ಇದು ಶುರುವಾದದ್ದು ನಿನಗೆ ಗೊತ್ತೇ ಇದೆ. ಅವ್ವ ಹೋದ ಮೇಲೆ ಅಪ್ಪ ಒಂದು ವರ್ಷ ಸರಿಯಾಗಿ ಉಂಡಿರಲಿಲ್ಲ, ಒಂದು ವಚನ ಹೇಳಿರಲಿಲ್ಲ. ಲಿಂಗಪೂಜೆಯನ್ನು ಮಾತ್ರ ಬಿಟ್ಟವರಲ್ಲ. ಒಂದು ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ದೃಷ್ಟಿ ನೆಟ್ಟು ಕೂತಿದ್ದವರು ನನ್ನನ್ನು ಕೂಗಿದರು. "ಗುರುಶಾಂತಾ, ಲಿಂಗದ ಮಗ್ಗಲಲ್ಲಿ ಪಳ್ ಅಂತ ಮಿಂಚ್ತು ಕಣವ್ವಾ. ಐವತ್ತು ವರ್ಸ ಹಿಡ್ದಿದ್ಕೆ ಶಿವ ಇವತ್ತು ಕಣ್ ಬಿಟ್ಟ. ಯಾರ್ಗೂ ಹೇಳ್ಬ್ಯಾಡ," ಎಂದರು. ದಿನವೂ ಕಾಣತೊಡಗಿತು. ಕಣ್ಣು ಮುಚ್ಚಿದರೂ ಮಿಂಚು, ಆಮೇಲೆ ಮಸಿ ಚೆಲ್ಲಿದ ಹಾಗೆ ಚುಕ್ಕೆಗಳು. ಅವತ್ತಿನಿಂದ ಎರಡು ರೊಟ್ಟಿ ಹೆಚ್ಚಿಗೆ ತಿಂದರು, ಸ್ನಾನ ಮಾಡುವಾಗ ವಚನ ಹೇಳಿದರು. ನನಗೂ ಸಂತೋಷವಾಗಿತ್ತು ಕಣೋ. ನಿನಗೆ ಅದನ್ನು ಸಿಹಿಸುದ್ದಿ ಅಂತಲೇ ಬರೆದೆ.

ನೀನು ತಡಮಾಡದೆ ರಿಜಿಸ್ಟರ್ ಪತ್ರ ಹಾಕಿದೆ. ಅದು ಶಿವನಲ್ಲ, ಕಣ್ಣಿನ ಹಿಂದಿನ ಪರದೆ ಹರಿಯುತ್ತಿದೆ; ಹರಿದ ಕಡೆ ಸುತ್ತಲೂ ಲೇಸರ್ ಬೆಳಕಿನಿಂದ ಬೆಸುಗೆ ಹಾಕುವ ಮಿಷಿನ್ ಬಂದಿದೆ; ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಗಿಡ್ಡ ಸ್ಟೂಲಿನ ಮೇಲೆ ಕೂತರೆ ಕಾಲು ಗಂಟೆಯ ಕೆಲಸ; ಗೊತ್ತಿರುವ ಡಾಕ್ಟರಿಗೆ ಹೇಳಿದ್ದೇನೆ, ಸೋಮವಾರವೇ ಅಪ್ಪನನ್ನು ರೈಲು ಹತ್ತಿಸು ಎಂದು ಬರೆದಿದ್ದೆ. ಅಪ್ಪ ಬರುವುದಿಲ್ಲ ಎನ್ನುತ್ತಾರೆ ಎಂದು ಇಲ್ಲಿಂದ ಉತ್ತರ ಹೋಯಿತು. ಅಲ್ಲಿಗೆ ನೀನು ಅಪ್ಪನ ಜೊತೆ ಮಾತು ಬಿಟ್ಟೆ.

ವೈಶಾಖದಲ್ಲಿ ಕೆಳಗಿನಿಂದ ಕಪ್ಪು ಪರದೆ ಏರತೊಡಗಿತಂತೆ. ಅಪ್ಪ ಅದನ್ನು ಪೊರೆ ಎಂದುಕೊಂಡರು. ಪೊರೆ ಹಣ್ಣಾಗದೆ ತೆಗೆಯುವುದಿಲ್ಲ ಎಂದು ನಮ್ಮೂರಿನವರೆಲ್ಲ ಕಾಯುವುದಿಲ್ಲವೇ, ಹಾಗೆ ಯಾರಿಗೂ ಹೇಳದೆ ಹಣ್ಣಾಗಲಿ ಎಂದು ಕಾದರು. ಅನ್ನದ ತಟ್ಟೆ ಬಿಟ್ಟು ನೆಲಕ್ಕೆ ಕೈ ಹಾಕಿದ ದಿನ ನನಗೆ ಗೊತ್ತಾಯಿತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಕಣ್ಣಿನ ಹಿಂದಿನ ಪರದೆ ಪೂರ್ತಿ ಕಳಚಿ ಮುದುಡಿಕೊಂಡಿದೆ, ಇನ್ನು ಯಾವ ಲೇಸರಿನಿಂದಲೂ ಆಗುವುದಿಲ್ಲ, ಮಿಂಚು ಕಂಡಾಗಲೇ ಬರಬೇಕಿತ್ತು ಎಂದರು ಡಾಕ್ಟರು. ವಾಪಸ್ ಬರುವಾಗ ಬಸ್ಸು ತರೀಕೆರೆ ದಾಟಿದ ಮೇಲೆ ಅಪ್ಪ, "ಹಂಗಾರೆ ಅದು ಶಿವ ಅಲ್ಲ, ಅಲ್ವೇನವ್ವಾ?" ಎಂದರು. ಈಗಲೂ ಪೂಜೆಗೆ ಕೂರುತ್ತಾರೆ, ಆದರೆ ಬೇಗ ಎದ್ದುಬಿಡುತ್ತಾರೆ. ವಚನ ಮತ್ತೆ ನಿಂತಿದೆ.

ಡಾಕ್ಟರ ಚೀಟಿಯನ್ನು ನಿನಗೆ ಕಳಿಸಿದ್ದೆ. ನೀನು ಒಂದು ಕಾರ್ಡಿನಲ್ಲಿ, ಅಲ್ಲಿನ ಡಾಕ್ಟರೂ ಆಗುವುದಿಲ್ಲ ಎಂದರು ಎಂದು ತಿಳಿಸಿ, ಅದರ ಕೊನೆಯಲ್ಲಿ, "ಕರೆದಾಗ ಬರಲಿಲ್ಲ, ಈಗ ನಾನು ಬಂದು ಮಾಡುವುದೇನು?" ಎಂದು ಬರೆದೆ. ಆ ಸಾಲನ್ನು ನಾನು ಅಪ್ಪನಿಗೆ ಓದಿ ಹೇಳಿಲ್ಲ. ದೀಪಾವಳಿಗೂ ನೀನು ಬರಲಿಲ್ಲ. ಹಬ್ಬದ ದಿನ ಬೆಂಗಳೂರಿನ ರೈಲು ಬಂದು ಹೋದ ಸದ್ದು ಕೇಳಿ ಅಪ್ಪ ಅರ್ಧ ಗಂಟೆ ಬಾಗಿಲ ಬಳಿ ನಿಂತಿದ್ದು ಒಳಗೆ ಬಂದು, "ಅವ್ನಿಗೆ ರಜ ಸಿಕ್ಕಿಲ್ಲ ಕಣವ್ವಾ, ಬಿಡು," ಎಂದು ನನಗೇ ಸಮಾಧಾನ ಹೇಳಿದರು.

ಕಣ್ಣು ಬರುತ್ತದೆಂಬ ಆಸೆಯಿಂದ ನಿನ್ನನ್ನು ಕರೆಯುತ್ತಿಲ್ಲ. ಆ ಆಸೆ ಈ ಮನೆಯಲ್ಲಿ ಯಾರಿಗೂ ಇಲ್ಲ. ಮೈ ಕಡೆ ಗಮನವಿರಲಿ, ಚಳಿಗೆ ಸ್ವೆಟರ್ ಹಾಕಿಕೋ. ತೀರ್ಥಮ್ಮ ನಿನ್ನನ್ನು ಕೇಳಿದಳು. ಅಪ್ಪನ ಆಶೀರ್ವಾದ ಇದ್ದೇ ಇದೆ, ನೀನು ತೆಗೆದುಕೊಂಡರೂ ಬಿಟ್ಟರೂ.

ಇಂತಿ ನಿನ್ನ ಅಕ್ಕ,
ಗುರುಶಾಂತಮ್ಮ

ಮರೆತದ್ದು: ಮರೆತದ್ದಲ್ಲ, ಇಷ್ಟು ಹೊತ್ತು ಬರೆಯಲಾಗದ್ದು. ಪೋಸ್ಟ್ ಹೋಗುವ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ಬರುವುದಿಲ್ಲ ಎಂದವರು ಅಪ್ಪ ಅಲ್ಲ. ನಿನ್ನ ಆ ರಿಜಿಸ್ಟರ್ ಪತ್ರವನ್ನು ಅವರಿಗೆ ನಾನು ಓದಿಯೇ ಇಲ್ಲ. ಅವರು ಎದುರಿಗೇ ಕೂತು, "ಏನ್ ಬರ್ದವ್ನೆ?" ಎಂದರು. ಪೂಜೆ ಮುಗಿಸಿ ಎದ್ದಿದ್ದರು, ಮುಖ ಬೆಳಗುತ್ತಿತ್ತು. ಅದು ಶಿವನಲ್ಲ, ರೋಗ ಎಂದು ಆ ಮುಖಕ್ಕೆ ಹೇಳಲು ನನಗೆ ಬಾಯಿ ಬರಲಿಲ್ಲ. ಚೆನ್ನಾಗಿದ್ದಾನಂತೆ ಎಂದೆ. ನಾಳೆ ಹೇಳೋಣ ಎಂದುಕೊಂಡೆ, ಆ ನಾಳೆ ಬರಲಿಲ್ಲ. ನಿನಗೆ ಉತ್ತರವನ್ನೂ ನಾನೇ ಕಟ್ಟಿ ಬರೆದೆ. ಏಳನೇ ಕ್ಲಾಸಿಗೆ ಕಣ್ಣಿನ ಪಾಠ ಮಾಡುವವಳು ನಾನು. ನಿನ್ನೆ ತೀರ್ಥಮ್ಮ, ಮೊದಲೇ ಬೆಂಗಳೂರಿಗೆ ಹೋಗಬಾರದಿತ್ತೇ ಎಂದಾಗ ಅಪ್ಪ ಹೇಳಿದರು: "ಇದ್ಕೆ ಮದ್ದು ಅಂತ ಇದ್ದಿದ್ರೆ ನನ್ ಮಗ ಹೇಳ್ದೆ ಇರ್ತಿದ್ನೇನವ್ವಾ?" ಓಂಕಾರಾ, ಮಾತು ಬಿಡುವುದಿದ್ದರೆ ನನ್ನ ಜೊತೆ ಬಿಡು.